ಬಾರದವರಿಗಾಗಿ ಬುತ್ತಿ ಹೊತ್ತವರು

ದೇಗುಲದ ಕಳಸಕ್ಕೆ ಕೈಮುಗಿಯುವವರು ಅನೇಕರು. ತಳಪಾಯದ ಕಲ್ಲನ್ನು ವಿಚಾರಿಸುವವರು ವಿರಳ. ಇತಿಹಾಸದ ಪುಟಗಳಲ್ಲಿಯೂ ಇದೇ ರೀತಿ ನಡೆದುಬಂದಿದೆ. ದಕ್ಷಿಣ ಧ್ರುವದ ಅನ್ವೇಷಣೆಯ ಪ್ರಸ್ತಾಪ ಬಂದೊಡನೆ ಅಮುಂಡ್‌ಸೆನ್, ಸ್ಕಾಟ್, ಶ್ಯಾಕಲ್ಟನ್ ಎಂಬ ಹೆಸರುಗಳು ನಮ್ಮ ನೆನಪಿಗೆ ಬರುತ್ತವೆ. ಅದರಲ್ಲಿಯೂ ಶ್ಯಾಕಲ್ಟನ್ನನ ವಿಷಯದಲ್ಲಿ ಒಂದು ಮಾತು ಗಾದೆಯಂತೆ ಪ್ರಚಲಿತವಾಗಿದೆ: ಹಡಗು ನುಚ್ಚುನೂರಾದರೂ ಆತನು ತನ್ನ ಸಂಗಡಿಗರಲ್ಲಿ ಒಬ್ಬನನ್ನೂ ಕಳೆದುಕೊಳ್ಳಲಿಲ್ಲ ಎಂಬುದು. ಈ ಮಾತು ಅರ್ಧಸತ್ಯ. ಅದೇ ಯಾತ್ರೆಯ ಇನ್ನೊಂದು ತುದಿಯಲ್ಲಿ ಹತ್ತು ಮಂದಿ ಹಿಮದ ನಡುವೆ ದಿಕ್ಕಿಲ್ಲದೆ ಉಳಿದಿದ್ದರು. ಅವರಲ್ಲಿ ಮೂವರು ಮರಳಲೇ ಇಲ್ಲ. ಆ ಹತ್ತು ಮಂದಿಯ ಕಡೆಗೆ ಓದುಗರ ಗಮನವನ್ನು ಸೆಳೆಯುವುದೇ ಈ ಲೇಖನದ ಉದ್ದೇಶ.

ಮೊದಲು ಆ ಯಾತ್ರೆಯ ಸ್ವರೂಪವನ್ನು ತಿಳಿಯೋಣ. ೧೯೧೪ರಲ್ಲಿ ಶ್ಯಾಕಲ್ಟನ್ನನು ಅಂಟಾರ್ಕ್ಟಿಕ ಖಂಡವನ್ನು ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ, ಧ್ರುವದ ಮೂಲಕವಾಗಿ, ಕಾಲ್ನಡಿಗೆಯಲ್ಲಿ ದಾಟಲು ಸಂಕಲ್ಪಿಸಿದನು. ಸುಮಾರು ೧೮೦೦ ಮೈಲಿಗಳ ಹಾದಿ. ಅಷ್ಟು ದೂರಕ್ಕೆ ಬೇಕಾಗುವ ಆಹಾರವನ್ನು ಒಂದೇ ತಂಡ ಎಳೆದೊಯ್ಯುವುದು ಅಸಾಧ್ಯ. ಆದುದರಿಂದ ಆತನು ವೆಡೆಲ್ ಸಮುದ್ರದ ಕಡೆಯಿಂದ ಹೊರಡುವುದೆಂದೂ, ಎದುರು ದಿಕ್ಕಿನ ರಾಸ್ ಸಮುದ್ರದ ಕಡೆಯಿಂದ ಇನ್ನೊಂದು ತಂಡ ಬಂದು ಹಾದಿಯ ಕೊನೆಯ ಭಾಗದಲ್ಲಿ ಅಲ್ಲಲ್ಲಿ ಆಹಾರವನ್ನೂ ಸೀಮೆಎಣ್ಣೆಯನ್ನೂ ಹೂಳಿಡುವುದೆಂದೂ ಗೊತ್ತಾಯಿತು. ಆ ಬುತ್ತಿ ಇರದಿದ್ದರೆ ಧ್ರುವವನ್ನು ದಾಟಿ ಬರುವವರಿಗೆ ಮರಣ ನಿಶ್ಚಿತ. ಎರಡನೆಯ ತಂಡದವರು ಹೊತ್ತುಕೊಂಡ ಹೊಣೆ ಇದು.

ಈ ತಂಡದ ನಾಯಕ ಈನಿಯಾಸ್ ಮ್ಯಾಕಿಂಟಾಷ್. ಹಿಂದಿನ ಒಂದು ಯಾತ್ರೆಯಲ್ಲಿ ಒಂದು ಕಣ್ಣನ್ನು ಕಳೆದುಕೊಂಡವನು. 'ಅರೋರಾ' ಎಂಬ ಹಡಗಿನಲ್ಲಿ ಅವರು ೧೯೧೫ರ ಜನವರಿಯಲ್ಲಿ ಮ್ಯಾಕ್‌ಮರ್ಡೊ ಕೊಲ್ಲಿಯನ್ನು ಸೇರಿದರು. ಶ್ಯಾಕಲ್ಟನ್ನನು ಅದೇ ಬೇಸಗೆಯಲ್ಲಿ ಬಂದುಬಿಟ್ಟರೇನು ಗತಿ ಎಂಬ ಆತಂಕದಿಂದ ಮ್ಯಾಕಿಂಟಾಷನು, ಅನುಭವಿಯಾದ ಅರ್ನೆಸ್ಟ್ ಜಾಯ್ಸನ ಮಾತನ್ನು ಮೀರಿ, ಚಳಿಗೆ ಇನ್ನೂ ಒಗ್ಗದ ನಾಯಿಗಳನ್ನು ಜಾರುಬಂಡಿಗೆ ಹೂಡಿದನು. ಅವನೊಡನೆ ಬಹುದೂರ ಹೋದ ನಾಯಿಗಳೆಲ್ಲ ಹಾದಿಯಲ್ಲಿಯೇ ಸತ್ತವು.

ಮುಂದೆ ಅದಕ್ಕಿಂತ ದೊಡ್ಡ ಆಪತ್ತು ಕಾದಿತ್ತು. ೧೯೧೫ರ ಮೇ ೬ರ ರಾತ್ರಿ ಬೀಸಿದ ಬಿರುಗಾಳಿಗೆ, ಎವನ್ಸ್ ಭೂಶಿರದ ದಡಕ್ಕೆ ಕಟ್ಟಿದ್ದ ಹಡಗು ಉಕ್ಕಿನ ಹಗ್ಗಗಳನ್ನು ಹರಿದುಕೊಂಡು ಹಿಮದೊಡನೆ ತೇಲಿಹೋಯಿತು. ದಡದಲ್ಲಿ ಉಳಿದವರು ಹತ್ತು ಮಂದಿ. ಬಟ್ಟೆ, ಇಂಧನ, ಆಹಾರಗಳಲ್ಲಿ ಬಹುಪಾಲು ಹಡಗಿನಲ್ಲಿಯೇ ಇದ್ದುವು. ಅಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಸೂರ್ಯದರ್ಶನವಿಲ್ಲ. ಆ ಕತ್ತಲೆಯಲ್ಲಿ ಅವರಿಗೆ ಆಸರೆಯಾದುದು ಕೆಲವು ವರ್ಷಗಳ ಹಿಂದೆ ಸ್ಕಾಟ್‌ನ ತಂಡ ಬಿಟ್ಟುಹೋಗಿದ್ದ ಮರದ ಮನೆ ಮತ್ತು ಅದರಲ್ಲಿ ಉಳಿದಿದ್ದ ಸಾಮಗ್ರಿ. ಹಳೆಯ ಡೇರೆಯ ಬಟ್ಟೆಯಿಂದ ಅವರು ಷರಾಯಿ ಹೊಲಿದುಕೊಂಡರು; ಸೀಲ್ ಪ್ರಾಣಿಯ ಮಾಂಸವನ್ನು ಉಂಡರು, ಅದರ ಕೊಬ್ಬನ್ನು ಉರುವಲಾಗಿಸಿಕೊಂಡರು.

ಓದುಗರೇ, ಇಲ್ಲಿ ಕ್ಷಣಕಾಲ ನಿಂತು ಯೋಚಿಸಿ. ಅಂಥ ಸ್ಥಿತಿಯಲ್ಲಿದ್ದವರು ಮನೆಯೊಳಗೆ ಕುಳಿತು ತಮ್ಮ ಪ್ರಾಣವನ್ನು ಕಾಪಾಡಿಕೊಂಡಿದ್ದರೆ ಅವರನ್ನು ಆಕ್ಷೇಪಿಸುವವರು ಯಾರು? ಆದರೆ ಧ್ರುವದ ಕಡೆಯಿಂದ ಆರು ಮಂದಿ ತಮ್ಮನ್ನು ನಂಬಿ ನಡೆದು ಬರುತ್ತಿದ್ದಾರೆಂಬ ಭಾವನೆ ಅವರನ್ನು ಸುಮ್ಮನಿರಗೊಡಲಿಲ್ಲ. ೧೯೧೫ರ ಸೆಪ್ಟೆಂಬರ್‌ನಲ್ಲಿ ಅವರು ಮತ್ತೆ ಹೊರಟರು. ಉಳಿದಿದ್ದ ನಾಯಿಗಳು ನಾಲ್ಕೇ. ಹೊರೆಯ ಬಹುಭಾಗವನ್ನು ಮನುಷ್ಯರೇ ಎಳೆಯಬೇಕಾಯಿತು. ನಡುವೆ ಒಂದು ಸೀಮೆಎಣ್ಣೆಯ ಒಲೆ ಕೆಟ್ಟುದರಿಂದ ಮೂವರು ಹಿಂದಿರುಗಬೇಕಾಯಿತು. ಉಳಿದ ಆರು ಮಂದಿ, ಅಂದರೆ ಮ್ಯಾಕಿಂಟಾಷ್, ಜಾಯ್ಸ್, ಅರ್ನೆಸ್ಟ್ ವೈಲ್ಡ್, ವಿಕ್ಟರ್ ಹೇವರ್ಡ್, ತರುಣ ವಿಜ್ಞಾನಿ ರಿಚರ್ಡ್ಸ್ ಹಾಗೂ ಪಾದ್ರಿಯೂ ಛಾಯಾಗ್ರಾಹಕನೂ ಆಗಿದ್ದ ಸ್ಪೆನ್ಸರ್-ಸ್ಮಿತ್, ಮುಂದೆ ಸಾಗಿದರು. ತಾಜಾ ಆಹಾರವಿಲ್ಲದೆ ಸ್ಕರ್ವಿ ರೋಗ ತಲೆದೋರಿತು: ಒಸಡು ಬಾತು, ಕಾಲು ಕಪ್ಪಾಗಿ, ಮಂಡಿ ಮಡಿಸಲಾಗದ ಸ್ಥಿತಿ. ಸ್ಪೆನ್ಸರ್-ಸ್ಮಿತ್‌ನು ನಡೆಯಲಾರದಾದಾಗ ಅವನನ್ನು ಡೇರೆಯೊಂದರಲ್ಲಿ ಒಬ್ಬನನ್ನೇ ಬಿಟ್ಟು, ನೆಲೆಯಿಂದ ಮುನ್ನೂರೈವತ್ತು ಮೈಲಿಗೂ ಹೆಚ್ಚು ದೂರದ ಹೋಪ್ ಪರ್ವತದ ಬುಡದಲ್ಲಿ ೧೯೧೬ರ ಜನವರಿ ೨೬ರಂದು ಕೊನೆಯ ಬುತ್ತಿಯನ್ನು ಇರಿಸಿದರು. ಕೊಟ್ಟ ಮಾತು ನಡೆಯಿತು.

ಹಿಂದಿರುಗುವ ಹಾದಿ ಇನ್ನೂ ಕಠಿಣವಾಗಿತ್ತು. ಸ್ಪೆನ್ಸರ್-ಸ್ಮಿತ್‌ನನ್ನು ಜಾರುಬಂಡಿಯ ಮೇಲೆ ಮಲಗಿಸಿ ನಲವತ್ತು ದಿನ ಎಳೆದರು. ಸ್ವತಃ ರೋಗಿಯಾಗಿದ್ದ ವೈಲ್ಡ್‌ನು ಹಸುಗೂಸನ್ನು ನೋಡಿಕೊಳ್ಳುವಂತೆ ಅವನ ಶುಶ್ರೂಷೆ ಮಾಡಿದನು. ಬಳಿಕ ಮ್ಯಾಕಿಂಟಾಷನೂ ನಡೆಯಲಾರದಾದನು. ಫೆಬ್ರವರಿಯಲ್ಲಿ, ಮುಂದಿನ ಬುತ್ತಿಗೆ ಹತ್ತು ಹನ್ನೆರಡು ಮೈಲಿ ಉಳಿದಿರುವಾಗ, ಹಿಮಬಿರುಗಾಳಿ ಅವರನ್ನು ದಿನಗಟ್ಟಲೆ ಡೇರೆಯೊಳಗೆ ತಡೆಹಿಡಿಯಿತು. ಆಹಾರ ಮುಗಿಯುತ್ತ ಬಂದಿತು. ನಾಲ್ಕು ವರ್ಷಗಳ ಹಿಂದೆ ಅದೇ ಹಿಮಬಯಲಿನಲ್ಲಿ ಸ್ಕಾಟ್‌ನು, ಬುತ್ತಿಗೆ ಹನ್ನೊಂದೇ ಮೈಲಿ ಉಳಿದಿರುವಾಗ, ಡೇರೆಯೊಳಗೆ ಕಾಯುತ್ತ ಮಡಿದ ಸಂಗತಿ ಅವರಿಗೆ ಗೊತ್ತಿತ್ತು. ಆದುದರಿಂದ ಜಾಯ್ಸ್, ರಿಚರ್ಡ್ಸ್, ಹೇವರ್ಡ್ ಮೂವರೂ ನಾಲ್ಕು ನಾಯಿಗಳೊಡನೆ ಬಿರುಗಾಳಿಗೆ ಎದುರಾಗಿ ಹೊರಟರು. ಬುತ್ತಿಯನ್ನು ತಲಪಿ, ಫೆಬ್ರವರಿ ೨೯ರಂದು ಮರಳಿ ಬಂದು, ಹಸಿದು ಮಲಗಿದ್ದ ಮೂವರಿಗೆ ಉಣಿಸಿದರು. ಪರರಿಗಾಗಿ ಹೂಳಿಟ್ಟ ನೆಲೆಯೇ ಅಂದು ಇಟ್ಟವರ ಪ್ರಾಣವನ್ನು ಉಳಿಸಿತು.

ಆದರೂ ಎಲ್ಲರೂ ಉಳಿಯಲಿಲ್ಲ. ಮಾರ್ಚ್ ೯ರಂದು, ಆಶ್ರಯ ಎರಡು ದಿನದ ಹಾದಿಯಷ್ಟೇ ಇರುವಾಗ, ಸ್ಪೆನ್ಸರ್-ಸ್ಮಿತ್‌ನು ಕಣ್ಣುಮುಚ್ಚಿದನು. ಹಿಂದೆ ಡೇರೆಯಲ್ಲಿ ಬಿಟ್ಟುಬಂದಿದ್ದ ಮ್ಯಾಕಿಂಟಾಷನನ್ನು ಸಂಗಡಿಗರು ಮತ್ತೆ ಹೋಗಿ ಕರೆತಂದರು. ಹಟ್ ಪಾಯಿಂಟ್ ಎಂಬಲ್ಲಿಯ ಹಳೆಯ ಮನೆಯಲ್ಲಿ ಸೀಲ್ ಮಾಂಸವನ್ನು ಉಂಡು ಐವರೂ ಚೇತರಿಸಿಕೊಂಡರು. ಆದರೆ ಮ್ಯಾಕಿಂಟಾಷನೂ ಹೇವರ್ಡನೂ ಉಳಿದವರ ಎಚ್ಚರಿಕೆಯನ್ನು ಲೆಕ್ಕಿಸದೆ ಮೇ ೮ರಂದು, ಆಗತಾನೇ ಹೆಪ್ಪುಗಟ್ಟಿದ್ದ ಸಮುದ್ರದ ಮೇಲೆ, ಎವನ್ಸ್ ಭೂಶಿರದತ್ತ ಹೊರಟರು. ಸ್ವಲ್ಪ ಹೊತ್ತಿನಲ್ಲಿಯೇ ಬಿರುಗಾಳಿ ಎದ್ದಿತು. ಅವರನ್ನು ಮತ್ತೆ ಕಂಡವರಿಲ್ಲ.

೧೯೧೭ರ ಜನವರಿ ೧೦ರಂದು ದುರಸ್ತಿಯಾದ 'ಅರೋರಾ' ಅವರನ್ನು ಅರಸಿಕೊಂಡು ಬಂದಿತು. ಅದರಲ್ಲಿ ಶ್ಯಾಕಲ್ಟನ್ನನೂ ಇದ್ದನು. ಉಳಿದ ಏಳು ಮಂದಿಗೆ ಅಂದು ತಿಳಿದ ಸುದ್ದಿ ಎಂಥದು! ಶ್ಯಾಕಲ್ಟನ್ನನ 'ಎಂಡ್ಯೂರೆನ್ಸ್' ಹಡಗು ದಡವನ್ನೇ ಮುಟ್ಟದೆ ಹಿಮದಲ್ಲಿ ಸಿಲುಕಿ, ೧೯೧೫ರ ನವೆಂಬರ್ ೨೧ರಂದು ಮುಳುಗಿಹೋಗಿತ್ತು. ಇವರು ಹೋಪ್ ಪರ್ವತದ ಬುಡದಲ್ಲಿ ಬುತ್ತಿ ಇಟ್ಟ ದಿನ, ಅದನ್ನು ಉಣ್ಣಬೇಕಾಗಿದ್ದವರು ಖಂಡದ ಆಚೆಯ ಸಮುದ್ರದಲ್ಲಿ ಹಿಮಗಡ್ಡೆಯ ಮೇಲೆ ತೇಲುತ್ತಿದ್ದರು. ಧ್ರುವದ ಕಡೆಯಿಂದ ಯಾರೂ ಹೊರಟಿರಲೇ ಇಲ್ಲ.

ಹಾಗಾದರೆ ಅವರ ದುಡಿಮೆ ವ್ಯರ್ಥವಾಯಿತೇ? ಬುತ್ತಿಯನ್ನು ಯಾರು ಉಂಡರು ಎಂಬುದೊಂದೇ ಅಳತೆಯಾದರೆ ವ್ಯರ್ಥವೆಂದೇ ಹೇಳಬೇಕು. ಆದರೆ ಬರುವವರು ಬರುತ್ತಾರೋ ಇಲ್ಲವೋ ಎಂಬುದು ಇಡುವವನ ಕೈಯಲ್ಲಿಲ್ಲ. ಇಡುವುದು ಮಾತ್ರ ಅವನ ಕೈಯಲ್ಲಿದೆ. ೧೯೮೫ರವರೆಗೆ ಬದುಕಿದ್ದ ರಿಚರ್ಡ್ಸನು ಆ ಶ್ರಮ ನಿಷ್ಫಲವೆಂದು ಎಂದೂ ಭಾವಿಸಲಿಲ್ಲ. ೧೯೨೩ರಲ್ಲಿ ಅವನಿಗೂ ಜಾಯ್ಸನಿಗೂ, ಮರಣೋತ್ತರವಾಗಿ ವೈಲ್ಡ್ ಮತ್ತು ಹೇವರ್ಡರಿಗೂ, ಪ್ರಾಣರಕ್ಷಣೆಗಾಗಿ ಕೊಡುವ ಆಲ್ಬರ್ಟ್ ಪದಕ ಸಂದಿತು. ವೈಲ್ಡ್‌ನು ೧೯೧೮ರಲ್ಲಿಯೇ ಮಾಲ್ಟಾದಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡಿದ್ದನು.

೨೦೨೨ರಲ್ಲಿ 'ಎಂಡ್ಯೂರೆನ್ಸ್' ಹಡಗಿನ ಅವಶೇಷ ಸಮುದ್ರದ ತಳದಲ್ಲಿ ದೊರೆತಾಗ ಜಗತ್ತೆಲ್ಲ ಅದನ್ನು ಕೊಂಡಾಡಿತು. ೨೦೧೩ರಲ್ಲಿ ಎವನ್ಸ್ ಭೂಶಿರದ ಮರದ ಮನೆಯಲ್ಲಿ, ಹೆಪ್ಪುಗಟ್ಟಿ ಒಂದಕ್ಕೊಂದು ಅಂಟಿಕೊಂಡಿದ್ದ ೨೨ ಛಾಯಾಚಿತ್ರಗಳ ನೆಗೆಟಿವ್‌ಗಳು ಸಿಕ್ಕಿದ ಸುದ್ದಿಯನ್ನು ಗಮನಿಸಿದವರು ಅಷ್ಟಿಲ್ಲ. ಅವು ಈ ತಂಡದ ಕಾಲದವು. ಆ ಮನೆಯ ಸಮೀಪದ ದಿಬ್ಬದ ಮೇಲೆ, ಮಡಿದ ಮೂವರ ನೆನಪಿಗಾಗಿ ಸಂಗಡಿಗರು ನಿಲ್ಲಿಸಿದ ಮರದ ಶಿಲುಬೆ ಇಂದಿಗೂ ನಿಂತಿದೆ. ಶ್ಯಾಕಲ್ಟನ್ನನು ಒಬ್ಬನನ್ನೂ ಕಳೆದುಕೊಳ್ಳಲಿಲ್ಲವೆಂಬ ಮಾತನ್ನು ಮುಂದೆ ಎಲ್ಲಿಯಾದರೂ ಕೇಳಿದಾಗ, ಮ್ಯಾಕಿಂಟಾಷ್, ಹೇವರ್ಡ್, ಸ್ಪೆನ್ಸರ್-ಸ್ಮಿತ್ ಎಂಬ ಆ ಮೂರು ಹೆಸರುಗಳನ್ನು ಓದುಗರು ಮನಸ್ಸಿನಲ್ಲಿಯಾದರೂ ಒಮ್ಮೆ ಉಚ್ಚರಿಸಬೇಕು.