ಊರಿನ ಬ್ಯಾಂಕ್, ಊರಿನ ಷೇರು: ಕರಾವಳಿಯ ನಾಲ್ಕು ಬ್ಯಾಂಕುಗಳನ್ನು ನಂಬಿ ಕೂತವರಿಗೆ ಸಿಕ್ಕಿದ್ದೆಷ್ಟು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಹಳೇ ಲೆಕ್ಕ ಬಿಚ್ಚೋಣ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತೆ. ಅದರೊಳಗೆ ಮಡಚಿಟ್ಟ ಷೇರು ಪತ್ರ, ಒಂದೆರಡು ಡಿವಿಡೆಂಡ್ ವಾರಂಟ್. "ನಮ್ಮ ಊರಿನ ಬ್ಯಾಂಕು, ಮಾರಬೇಡಿ" ಅಂತ ಅಜ್ಜ ಹೇಳಿರ್ತಾರೆ, ಮಕ್ಕಳು ಮಾರಿರೋದಿಲ್ಲ. ಆ ನಂಬಿಕೆಗೆ ಬೆಲೆ ಸಿಕ್ತಾ? ಇದು ಇವತ್ತಿನ ಪ್ರಶ್ನೆ.

ಅವಿಭಜಿತ ದಕ್ಷಿಣ ಕನ್ನಡವನ್ನು ಬ್ಯಾಂಕುಗಳ ತೊಟ್ಟಿಲು ಅಂತಾರೆ. ಸುಮ್ಮನೆ ಬಂದ ಹೆಸರಲ್ಲ ಅದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದಾಗಿ ಕಟ್ಟಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಸೇರಿದ ಹಣ 38 ರೂಪಾಯಿ, 13 ಆಣೆ, 2 ಪೈ. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಒಂದು ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದರು. ಅದೇ ಇವತ್ತಿನ ಕೆನರಾ ಬ್ಯಾಂಕ್. 1925ರಲ್ಲಿ 8,000 ರೂಪಾಯಿ ಬಂಡವಾಳದ ಸಿಂಡಿಕೇಟ್ ಬಂತು. ಮೂರು ವರ್ಷಕ್ಕೆ ಅದು ಮನೆಮನೆಗೆ ಹೋಗಿ ಪಿಗ್ಮಿ ಕಟ್ಟಿಸಿಕೊಳ್ಳಲು ಶುರು ಮಾಡಿತು. 1931ರಲ್ಲಿ ಎ.ಬಿ. ಶೆಟ್ಟಿಯವರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್.

ಈ ಬ್ಯಾಂಕುಗಳ ಮೊದಲ ತಲೆಮಾರಿನ ಷೇರುದಾರರ ಕಥೆ ಒಂದು ರಾತ್ರಿಯಲ್ಲಿ ಮುಗೀತು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅದರಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. ಸುಪ್ರೀಂ ಕೋರ್ಟ್ 1970ರ ಫೆಬ್ರವರಿಯಲ್ಲಿ ಆರ್.ಸಿ. ಕೂಪರ್ ಮೊಕದ್ದಮೆಯಲ್ಲಿ ಆ ಕಾನೂನನ್ನು ಹೊಡೆದುಹಾಕಿತು. ಅದಕ್ಕೆ ಒಂದು ಮುಖ್ಯ ಕಾರಣ ಪರಿಹಾರ ಲೆಕ್ಕ ಹಾಕಿದ ರೀತಿ. ಕೆಲವೇ ದಿನಗಳಲ್ಲಿ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದು ಮತ್ತೆ ವಶಕ್ಕೆ ತಗೊಂಡಿತು. ಕೆನರಾಕ್ಕೆ ನಿಗದಿಯಾದ ಪರಿಹಾರ 3.60 ಕೋಟಿ, ಸಿಂಡಿಕೇಟಿಗೂ ಅಷ್ಟೇ. 1980ರಲ್ಲಿ ವಿಜಯಾ, ಕಾರ್ಪೊರೇಷನ್ ಸರದಿ. ಬ್ಯಾಂಕು ಬೆಳೆಯಿತು, ಹಳ್ಳಿಹಳ್ಳಿಗೆ ಹೋಯಿತು. ಆದರೆ ಆ ಬೆಳವಣಿಗೆಯಲ್ಲಿ ಹಳೇ ಷೇರುದಾರನ ಪಾಲು ಅಲ್ಲಿಗೇ ನಿಂತಿತ್ತು.

ಎರಡನೇ ತಲೆಮಾರಿಗೆ ಬಾಗಿಲು ತೆರೆದದ್ದು 1994ರ ಕಾನೂನು ತಿದ್ದುಪಡಿ. ರಾಷ್ಟ್ರೀಕೃತ ಬ್ಯಾಂಕುಗಳು ಜನರಿಗೆ ಷೇರು ಮಾರಬಹುದು, ಆದರೆ ಬಹುಪಾಲು ಸರ್ಕಾರದ್ದೇ ಇರಬೇಕು ಅಂತ ಆಯಿತು. ಕಾರ್ಪೊರೇಷನ್ 1997ರಲ್ಲಿ 80 ರೂಪಾಯಿಗೆ ಬಂತು. ಸಿಂಡಿಕೇಟ್ 1999ರಲ್ಲಿ ಮುಖಬೆಲೆಗೇ, ಅಂದ್ರೆ 10 ರೂಪಾಯಿಗೆ. ವಿಜಯಾ 2000ದಲ್ಲಿ, ಅದೂ 10 ರೂಪಾಯಿ. ಕೆನರಾ 2002ರ ಕೊನೆಗೆ 35 ರೂಪಾಯಿ. ಊರಿನವರು, ಬ್ಯಾಂಕಿನ ನೌಕರರು, ಪಿಂಚಣಿದಾರರು ಆಸೆಯಿಂದ ಅರ್ಜಿ ಹಾಕಿದರು.

ಈಗ ಒಂದೊಂದರಲ್ಲೂ 10 ಸಾವಿರ ಹಾಕಿ ಕೂತ ಒಬ್ಬರನ್ನು ಊಹಿಸಿಕೊಳ್ಳಿ. ಒಟ್ಟು 40 ಸಾವಿರ. ಲೆಕ್ಕ ಸುಲಭವಾಗಲಿ ಅಂತ 2024ರ ಆಸುಪಾಸಿನ ದುಂಡು ಬೆಲೆ ಹಿಡಿಯೋಣ: ಕೆನರಾ 100, ಬ್ಯಾಂಕ್ ಆಫ್ ಬರೋಡಾ 250, ಯೂನಿಯನ್ ಬ್ಯಾಂಕ್ 120, ಸೆನ್ಸೆಕ್ಸ್ 80 ಸಾವಿರ.

ಮೊದಲು ಸಿಂಡಿಕೇಟ್. ಸಾವಿರ ಷೇರು. 2020ರ ಏಪ್ರಿಲ್ 1ಕ್ಕೆ ಅದು ಕೆನರಾದಲ್ಲಿ ವಿಲೀನವಾದಾಗ ಸಾವಿರಕ್ಕೆ ಸಿಕ್ಕಿದ್ದು 158 ಕೆನರಾ ಷೇರು. ಆಗ ಕೆನರಾ ಬೆಲೆ 90ರ ಆಸುಪಾಸು. ಅಂದ್ರೆ ಇಪ್ಪತ್ತು ವರ್ಷ ಕಾದ ಮೇಲೆ 10 ಸಾವಿರ ಆಗಿದ್ದು ಸುಮಾರು 14 ಸಾವಿರ! 2024ರಲ್ಲಿ ಕೆನರಾ ಒಂದು ಷೇರನ್ನು ಐದಾಗಿ ಒಡೆಯಿತು. 158 ಇದ್ದದ್ದು 790 ಆಯಿತು. ಬೆಲೆ 79 ಸಾವಿರ. ಅದೇ 10 ಸಾವಿರವನ್ನು ಸರಾಸರಿ ಶೇ. 8ರ ಚಕ್ರಬಡ್ಡಿಯಲ್ಲಿ ಎಫ್‌ಡಿ ಇಟ್ಟಿದ್ರೆ ಇಪ್ಪತ್ತೈದು ವರ್ಷಕ್ಕೆ ಸುಮಾರು 68 ಸಾವಿರ. ಇಷ್ಟು ಏಳುಬೀಳು ಕಂಡಿದ್ದಕ್ಕೆ ಸಿಕ್ಕ ಹೆಚ್ಚುವರಿ ಅಷ್ಟೇ, ಜೊತೆಗೆ ನಡುನಡುವೆ ಬಂದ ಡಿವಿಡೆಂಡ್.

ವಿಜಯಾ ಸಾವಿರ ಷೇರಿಗೆ 2019ರ ವಿಲೀನದಲ್ಲಿ 402 ಬರೋಡಾ ಷೇರು ಬಂತು. 2024ರ ಆ ಲೆಕ್ಕಕ್ಕೆ ಒಂದು ಲಕ್ಷ. ಪರವಾಗಿಲ್ಲ.

ಮನಸ್ಸಿಗೆ ಬೇಜಾರಾಗೋದು ಕಾರ್ಪೊರೇಷನ್ ಕಥೆ. ಒಂದು ಕಾಲದಲ್ಲಿ ಅಚ್ಚುಕಟ್ಟಾದ ಬ್ಯಾಂಕು ಅಂತ ಹೆಸರು ಪಡೆದದ್ದು. 10 ಸಾವಿರಕ್ಕೆ 125 ಷೇರು. ಮುಖಬೆಲೆ 10ರಿಂದ 2ಕ್ಕೆ ಒಡೆದಾಗ ಅದು 625. ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ ಸಾವಿರಕ್ಕೆ 330ರಂತೆ ಕೈಗೆ ಬಂದದ್ದು 206. ಆಗ ಯೂನಿಯನ್ ಬೆಲೆ 30 ರೂಪಾಯಿಯೂ ಇರಲಿಲ್ಲ. 22 ವರ್ಷ ಕಾದು ಹಾಕಿದ್ದರಲ್ಲಿ ಮುಕ್ಕಾಲು ಪಾಲೂ ಉಳಿದಿರಲಿಲ್ಲ. 2024ರ 120ರ ಲೆಕ್ಕಕ್ಕೂ 25 ಸಾವಿರ ಮುಟ್ಟಲಿಲ್ಲ.

ಯಾಕೆ ಹೀಗಾಯ್ತು? ಬರೀ ಸಾಲ ಮುಳುಗಿದ್ದರಿಂದ ಅಲ್ಲ. 2015ರಲ್ಲಿ ರಿಸರ್ವ್ ಬ್ಯಾಂಕ್ ಸಾಲಗಳ ಗುಣಮಟ್ಟ ಪರಿಶೀಲನೆಗೆ ಕೂತಾಗ ಮುಚ್ಚಿಟ್ಟ ಕೆಟ್ಟ ಸಾಲಗಳು ಹೊರಗೆ ಬಂದವು. ನಷ್ಟ ತುಂಬಲು ಸರ್ಕಾರ ಬಂಡವಾಳ ಹಾಕಿತು. 2019ರ ಫೆಬ್ರವರಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿಗೇ 9,086 ಕೋಟಿ. ಅದಕ್ಕೆ ಬದಲಾಗಿ ಸರ್ಕಾರಕ್ಕೆ ಹೊಸ ಷೇರು. ಅಡುಗೆ ಅಷ್ಟೇ, ಪಂಕ್ತಿ ಮಾತ್ರ ಉದ್ದ ಆಯ್ತು. ಬ್ಯಾಂಕು ಉಳೀತು, ಠೇವಣಿ ಇಟ್ಟವರ ಒಂದು ಪೈಸೆಯೂ ಹೋಗಲಿಲ್ಲ. ಅದರ ಬೆಲೆ ಕೊಟ್ಟವರಲ್ಲಿ ಸಣ್ಣ ಷೇರುದಾರನೂ ಒಬ್ಬ.

ಕೊನೆಗೆ ಕೆನರಾ. 35 ರೂಪಾಯಿ ಷೇರು 2010ರಲ್ಲಿ 800 ದಾಟಿತ್ತು. ಎಂಟು ವರ್ಷಕ್ಕೆ ಇಪ್ಪತ್ತು ಪಟ್ಟಿಗೂ ಮೀರಿ. ಆಮೇಲೆ ಹತ್ತು ವರ್ಷ ಇಳಿಮುಖ. 2017-18ರಲ್ಲಿ 4,222 ಕೋಟಿ ನಷ್ಟ, ಆ ವರ್ಷ ಡಿವಿಡೆಂಡ್ ಇಲ್ಲ. ಆದರೆ ಹಿಡಿದು ಕೂತವರಿಗೆ 2024ರ ಲೆಕ್ಕಕ್ಕೆ 10 ಸಾವಿರ 1.4 ಲಕ್ಷವಾಗಿತ್ತು. 2023-24ಕ್ಕೆ ಬಂದ ಡಿವಿಡೆಂಡ್ ಒಡೆಯುವ ಮುಂಚಿನ ಒಂದು ಷೇರಿನ ಲೆಕ್ಕಕ್ಕೆ 16 ರೂಪಾಯಿ 10 ಪೈಸೆ. ಕೊಂಡ ಬೆಲೆಯ ಅರ್ಧದ ಹತ್ತಿರ, ಒಂದೇ ವರ್ಷದಲ್ಲಿ!

ನಾಲ್ಕೂ ಸೇರಿಸಿ. 40 ಸಾವಿರ ಸುಮಾರು ಮೂರೂವರೆ ಲಕ್ಷ ಆಯಿತು, ಡಿವಿಡೆಂಡ್ ಬಿಟ್ಟು. ಅದೇ ಕಾಲದಲ್ಲಿ ಸೆನ್ಸೆಕ್ಸ್ 5 ಸಾವಿರದ ಆಸುಪಾಸಿನಿಂದಲೋ ಅದಕ್ಕೂ ಕೆಳಗಿನಿಂದಲೋ 80 ಸಾವಿರಕ್ಕೆ ಹೋಯಿತು. ಕಡಿಮೆ ಅಂದರೂ 16 ಪಟ್ಟು, ಅಂದ್ರೆ ಆರು ಲಕ್ಷದ ಮೇಲೆ.

ಇಲ್ಲೊಂದು ಎಚ್ಚರ. ಇವತ್ತು ಕೆನರಾ ಒಂದನ್ನೇ ನೋಡಿ "ಬ್ಯಾಂಕ್ ಷೇರು ಹಿಡಿದು ಕೂತ್ರೆ ಸಾಕು" ಅನ್ನೋದು ಸುಲಭ, ಯಾಕಂದ್ರೆ ನಾಲ್ಕರಲ್ಲಿ ಹೆಸರು ಉಳಿದಿರೋದು ಅದೊಂದೇ. ಆದರೆ 1997ರಿಂದ 2002ರವರೆಗೆ ಅರ್ಜಿ ಹಾಕಿದವರಿಗೆ ಯಾವುದು ಉಳಿಯುತ್ತೆ ಅಂತ ಗೊತ್ತಿರಲಿಲ್ಲ. ಅವರ ಕಣ್ಣಿಗೆ ನಾಲ್ಕೂ ನಮ್ಮ ಬ್ಯಾಂಕೇ.

ಅಜ್ಜನ ಮಾತು ತಪ್ಪು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಬ್ಯಾಂಕಿನ ಮೇಲೆ ಅವರಿಗಿದ್ದ ನಂಬಿಕೆ ಸುಳ್ಳಾಗಲಿಲ್ಲ. ಅವರ ಎಫ್‌ಡಿ, ಪಿಗ್ಮಿ ಎಲ್ಲ ಭದ್ರವಾಗಿಯೇ ಇತ್ತು. ಬ್ಯಾಂಕು ಒಳ್ಳೆಯದು ಅನ್ನೋದು ಒಂದು ಮಾತು, ಅದರ ಷೇರು ಒಳ್ಳೆಯದು ಅನ್ನೋದು ಇನ್ನೊಂದು. ಊರಿನ ಅಭಿಮಾನದಲ್ಲಿ ಎರಡೂ ಒಂದೇ ಅನ್ನಿಸಿಬಿಡುತ್ತೆ.

ಹೋಗೋ ಮುಂಚೆ ಒಂದು ಕೆಲಸ. ಬೀರುವಿನ ಆ ಕವರ್ ಇವತ್ತೇ ತೆಗೆದು ನೋಡಿ. ಬ್ಯಾಂಕಿನ ಹೆಸರು ಅಳಿಸಿಹೋಗಿದ್ರೂ ಷೇರು ಸತ್ತಿಲ್ಲ. ಕಾಗದದ ಷೇರು ಮಾರಬೇಕಾದ್ರೆ ಮೊದಲು ಡಿಮ್ಯಾಟ್ ಆಗಬೇಕು. ಏಳು ವರ್ಷ ಯಾರೂ ಕೇಳದ ಡಿವಿಡೆಂಡ್ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗಿರುತ್ತೆ, ಅರ್ಜಿ ಹಾಕಿ ವಾಪಸ್ ಕೇಳಬಹುದು. ಅಜ್ಜ ಕಾದಿದ್ದು ನಿಮಗೋಸ್ಕರ ಅಲ್ವಾ? ಇನ್ನೊಂದು ಸಂಚಿಕೆಯಲ್ಲಿ ಸಿಗೋಣ.