ಬೇಟೆಯ ಗುಂಡಿನ ಆಯ್ಕೆ: ದಕ್ಷಿಣ ಕ್ಯಾಲಿಫೋರ್ನಿಯಾ

ಜಿಂಕೆ, ಕಾಡುಹಂದಿಯಂಥ ಮಧ್ಯಮ ಗಾತ್ರದ ಪ್ರಾಣಿಗಳ ಬೇಟೆಗೆ ಗುಂಡು ಆರಿಸುವಾಗ ಮುಖ್ಯವಾಗುವುದು ಅದು ನಳಿಗೆ ಬಿಡುವ ವೇಗವಲ್ಲ, ಪ್ರಾಣಿಗೆ ತಾಗುವಾಗ ಉಳಿದಿರುವ ವೇಗ. ಸೆಕೆಂಡಿಗೆ 600ರಿಂದ 750 ಮೀಟರ್ ವೇಗದಲ್ಲಿ ಹೊರಡುವ ತೋಟಾಗಳನ್ನು ಇಲ್ಲಿ ಮಧ್ಯಮ ವೇಗದವೆಂದು ಎಣಿಸಲಾಗಿದೆ. 1895ರಲ್ಲಿ ಬಂದ .30-30 ವಿಂಚೆಸ್ಟರ್ ಈ ವರ್ಗದ ಹಳೆಯ, ಇಂದಿಗೂ ಬಳಕೆಯಲ್ಲಿರುವ ತೋಟಾ.

ಲಾಸ್ ಏಂಜಲೀಸ್ ನಗರದ ಪಶ್ಚಿಮ ಅಂಚಿನ ವುಡ್‌ಲ್ಯಾಂಡ್ ಹಿಲ್ಸ್ ಸ್ಯಾನ್ ಫರ್ನಾಂಡೋ ಕಣಿವೆಯ ವಸತಿ ಪ್ರದೇಶ. ನಗರದೊಳಗೆ ಬೇಟೆಯಿಲ್ಲ, ದಕ್ಷಿಣಕ್ಕೆ ತಾಗಿಕೊಂಡ ಸಾಂಟಾ ಮೋನಿಕಾ ಬೆಟ್ಟಗಳ ರಾಷ್ಟ್ರೀಯ ವಿಹಾರಧಾಮದಲ್ಲೂ ಇಲ್ಲ. ಇಲ್ಲಿನ ಬೇಟೆಗಾರರು ಪರವಾನಗಿ ಹಿಡಿದು ಏಂಜಲೀಸ್ ಅಥವಾ ಲಾಸ್ ಪಾದ್ರೆಸ್ ರಾಷ್ಟ್ರೀಯ ಅರಣ್ಯಕ್ಕೆ ಹೋಗುತ್ತಾರೆ. ಅಲ್ಲಿ ಸಿಗುವುದು ಅಗಲ ಕಿವಿಯ ಮ್ಯೂಲ್ ಜಿಂಕೆ.

ಮೆತ್ತನೆಯ ಮೂತಿಯ ಗುಂಡು ಮಾಂಸದೊಳಗೆ ಅಣಬೆಯಂತೆ ಅರಳಬೇಕು. ಅರಳದಿದ್ದರೆ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ, ಗಾಯಗೊಂಡ ಪ್ರಾಣಿ ಪೊದೆ ಸೇರಿ ನರಳುತ್ತದೆ. ವೇಗ ವಿಪರೀತವಾದರೆ ಅದೇ ಗುಂಡು ಒಳಗೆ ಇಳಿಯುವ ಮೊದಲೇ ಚೂರಾಗುತ್ತದೆ. 1940ರ ದಶಕದಲ್ಲಿ ಜಾನ್ ನೋಸ್ಲರ್ ನಡುವೆ ತಾಮ್ರದ ಅಡ್ಡಗೋಡೆಯಿರುವ ಗುಂಡು ರೂಪಿಸಿದ್ದು ಈ ಎರಡನೆಯ ತೊಂದರೆಗೆ. ಮಧ್ಯಮ ವೇಗದ ತೋಟಾ ಬಳಸುವವರನ್ನು ಕಾಡುವುದು ಮೊದಲನೆಯದು. ಗಟ್ಟಿ ಗುಂಡೇ ಒಳ್ಳೆಯ ಗುಂಡು ಎಂಬ ಅಂಗಡಿಮಾತು ಅವರ ಪಾಲಿಗೆ ಸುಳ್ಳು. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಿಂದ ಹೆಸರು ಪಡೆದ ಅರಳುವ ಗುಂಡನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ರೈಫಲ್‌ನಿಂದ ಜಿಂಕೆ ಹೊಡೆಯಲು ಅರಳುವ ಗುಂಡೇ ಕಡ್ಡಾಯ.

ಈ ಆಯ್ಕೆಯನ್ನು ಇನ್ನಷ್ಟು ಬಿಗಿಮಾಡಿದ್ದು ಕಾಂಡೋರ್ ಎಂಬ ಒಂದು ರಣಹದ್ದು. ಬೇಟೆಗಾರರು ಕಾಡಿನಲ್ಲೇ ಬಿಟ್ಟುಬಂದ ಕರುಳಿನಲ್ಲಿ ಸೀಸದ ಪುಡಿ ಉಳಿಯುತ್ತದೆ, ಅದನ್ನು ತಿಂದ ಕಾಂಡೋರ್ ವಿಷವೇರಿ ಸಾಯುತ್ತದೆ. 1982ರಲ್ಲಿ ಈ ಹಕ್ಕಿಗಳು ಕೇವಲ 22 ಉಳಿದಿದ್ದವು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋ ಮೃಗಾಲಯಗಳಲ್ಲಿ ಮರಿ ಮಾಡಿಸಿ, 1992ರಿಂದ ಮತ್ತೆ ಹಾರಿಬಿಡಲಾಯಿತು. ಕಾಂಡೋರ್ ನೆಲೆಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಸೀಸದ ಗುಂಡನ್ನು 2008ರಲ್ಲಿ ನಿಷೇಧಿಸಲಾಯಿತು. 2013ರಲ್ಲಿ ಅಂಕಿತಬಿದ್ದ ಮತ್ತೊಂದು ಕಾಯ್ದೆ 2019ರ ಜುಲೈ 1ರಿಂದ ರಾಜ್ಯದ ಎಲ್ಲ ಬೇಟೆಗೂ ಆ ನಿಷೇಧವನ್ನು ಪೂರ್ತಿಯಾಗಿ ಹಬ್ಬಿಸಿತು.

ಉಳಿದ ದಾರಿ ತಾಮ್ರ. ತಾಮ್ರ ಸೀಸಕ್ಕಿಂತ ಗಟ್ಟಿ, ಹಗುರ. ಅಷ್ಟೇ ತೂಕದ ಗುಂಡು ಉದ್ದವಾಗಿ, ತೋಟಾದೊಳಗೆ ಮದ್ದಿನ ಜಾಗ ತಿನ್ನುತ್ತದೆ. ಆದ್ದರಿಂದ ಸೀಸದಲ್ಲಿ 170 ಗ್ರೇನ್ ಬಳಸುತ್ತಿದ್ದವರು ತಾಮ್ರದಲ್ಲಿ 150 ಅಥವಾ ಅದಕ್ಕೂ ಕಡಿಮೆಗೆ ಇಳಿಯುವುದು ಸರಿ. ತಾಮ್ರದ ಗುಂಡು ಚೂರಾಗುವುದು ಕಡಿಮೆ, ತೂಕ ಬಹುಪಾಲು ಉಳಿಯುತ್ತದೆ. ಹಗುರವಾದರೂ ಆಳಕ್ಕೆ ಇಳಿಯುತ್ತದೆ. ಆದರೆ ಅರಳಲು ವೇಗ ಬೇಕು. ಹಲವು ಮಾದರಿಗಳಿಗೆ ಸೆಕೆಂಡಿಗೆ ಸುಮಾರು 550 ಮೀಟರ್ ಬೇಕಾಗುತ್ತದೆ, ಕಡಿಮೆ ವೇಗಕ್ಕೆಂದೇ ಮಾಡಿದವುಗಳಿಗೆ ಅದಕ್ಕಿಂತ ಕಡಿಮೆ ಸಾಕು. .30-30ರ ಸಾಂಪ್ರದಾಯಿಕ 150 ಗ್ರೇನ್ ಚಪ್ಪಟೆ ಮೂತಿಯ ಗುಂಡು 730 ಮೀಟರ್ ವೇಗದಲ್ಲಿ ಹೊರಟು, 100 ಗಜಕ್ಕೆ 615ಕ್ಕೆ, 200 ಗಜಕ್ಕೆ 513ಕ್ಕೆ ಇಳಿಯುತ್ತದೆ. ಇದೇ ಲೆಕ್ಕ ಹಿಡಿದರೆ 150 ಗಜ ದಾಟಿದ ಮೇಲೆ ಗಟ್ಟಿ ತಾಮ್ರ ನಂಬಿಕೆಗೆ ಅರ್ಹವಲ್ಲ.

ಸನ್ನೆ ಎಳೆದು ತುಂಬುವ ಹಲವು ಕೋವಿಗಳಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೊಂದು ಮಲಗಿರುತ್ತವೆ. ಗಟ್ಟಿ ಚೂಪು ಮೂತಿಯಿದ್ದರೆ ಮುಂದಿನ ತೋಟಾದ ಕಿಡಿಕುಪ್ಪಿಗೆ ತಾಗಿ ಸಿಡಿಯುವ ಅಪಾಯವಿದೆ. ಅಂಥ ಕೋವಿಗೆ ಚಪ್ಪಟೆ ಅಥವಾ ಮೆತ್ತನೆಯ ಪ್ಲಾಸ್ಟಿಕ್ ತುದಿಯ ಗುಂಡೇ ಬೇಕು.

ಕೊಳ್ಳುವವರು ಪೆಟ್ಟಿಗೆಯ ಮೇಲಿನ ಹೊರಡುವ ವೇಗಕ್ಕೆ ಮರುಳಾಗದೆ, ಗುಂಡು ಅರಳಲು ಬೇಕಾದ ಕನಿಷ್ಠ ವೇಗವನ್ನು ತಯಾರಕರ ವಿವರಗಳಲ್ಲಿ ಮೊದಲು ನೋಡಬೇಕು; ತಮ್ಮ ಕೋವಿಯಲ್ಲಿ ಆ ವೇಗ ಉಳಿಯುವ ದೂರದಾಚೆಗೆ ಕುದುರೆ ಎಳೆಯಬಾರದು.