ಮರಳಿ ಹೋಗದ ಹಾಡುಗಾರರು

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಆಸ್ಟ್ರೇಲಿಯಾ ಅದೇ ದಿನ ಹಿಂಬಾಲಿಸಿತು. ಆ ಹೊತ್ತಿಗೆ ವಿಯೆನ್ನಾ ಮೊಜಾರ್ಟ್ ಬಾಲಕರ ಗಾಯನವೃಂದ ಆಸ್ಟ್ರೇಲಿಯಾದಲ್ಲಿತ್ತು. ಇಪ್ಪತ್ತರಷ್ಟು ಹುಡುಗರು, ಒಬ್ಬ ನಿರ್ದೇಶಕ. ಊರೂರು ನೋಡುತ್ತ, ಹಾಡುತ್ತ ಬಂದವರಿಗೆ ಮನೆಯ ದಾರಿ ಒಂದೇ ದಿನದಲ್ಲಿ ಮುಚ್ಚಿಹೋಯಿತು.

ಹಾಡುವ ಮಕ್ಕಳು ಇಷ್ಟು ದೂರ ಬಂದದ್ದಾದರೂ ಏಕೆ? ವಿಯೆನ್ನಾದಲ್ಲಿ ಬಾಲಕರ ಗಾಯನಕ್ಕೆ 1498ರಿಂದ ಅರಮನೆಯ ಆಶ್ರಯವಿತ್ತು. 1918ರಲ್ಲಿ ಸಾಮ್ರಾಜ್ಯ ಕುಸಿದಾಗ ಅದೂ ತಪ್ಪಿತು. 1924ರಲ್ಲಿ ಯೋಸೆಫ್ ಶ್ನಿಟ್ ಎಂಬ ಪಾದ್ರಿ ಮತ್ತೆ ಹುಡುಗರನ್ನು ಕೂಡಿಸಿದರು. ಆದರೆ ಇನ್ನು ಖರ್ಚು ಕೊಡುವವರು ರಾಜರಲ್ಲ, ಟಿಕೆಟ್ ಕೊಳ್ಳುವ ಪ್ರೇಕ್ಷಕರು. ಹೀಗೆ ವಿದೇಶ ಪ್ರವಾಸ ಹೊಟ್ಟೆಪಾಡಿನ ದಾರಿಯಾಯಿತು. ಆ ವೃಂದವನ್ನು ನಡೆಸಿದ ಅನುಭವವಿದ್ದ ಗೇಯೊರ್ಗ್ ಗ್ರೂಬರ್ ಅವರೇ ಮೊಜಾರ್ಟ್ ವೃಂದದ ನಿರ್ದೇಶಕರು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡಿದ್ದ. ಆದ್ದರಿಂದ ಕಾಗದಪತ್ರಗಳ ಲೆಕ್ಕದಲ್ಲಿ ಈ ಹುಡುಗರು ಜರ್ಮನರು, ಅಂದರೆ ಶತ್ರುದೇಶದ ಪ್ರಜೆಗಳು. ನಿನ್ನೆ ಚಪ್ಪಾಳೆ ತಟ್ಟಿದ ದೇಶ ಇಂದು ಅವರನ್ನು ಏನು ಮಾಡಬೇಕೆಂದು ಯೋಚಿಸಬೇಕಾಯಿತು.

ದಾರಿ ತೋರಿಸಿದವರು ಮೆಲ್ಬರ್ನ್‌ನ ಆರ್ಚ್‌ಬಿಷಪ್ ಡೇನಿಯಲ್ ಮ್ಯಾನಿಕ್ಸ್. ಐರ್ಲೆಂಡ್ ಮೂಲದ ಈ ಹಟವಾದಿ ಮೊದಲ ಮಹಾಯುದ್ಧದಲ್ಲಿ ಕಡ್ಡಾಯ ಸೈನ್ಯಭರ್ತಿಯನ್ನು ಬಹಿರಂಗವಾಗಿ ವಿರೋಧಿಸಿ ಸರ್ಕಾರದ ಕೋಪಕ್ಕೆ ಗುರಿಯಾಗಿದ್ದವರು. ಅವರ ಏರ್ಪಾಡು ಸರಳವಾಗಿತ್ತು: ಹುಡುಗರು ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್‌ನ ಪೂಜೆಗಳಲ್ಲಿ ಹಾಡಬೇಕು, ಊರಿನ ಕ್ಯಾಥೊಲಿಕ್ ಕುಟುಂಬಗಳು ಅವರಿಗೆ ಮನೆಯಲ್ಲಿ ಜಾಗ ಕೊಡಬೇಕು. ಪ್ರವಾಸಿಗಳಾಗಿ ಬಂದವರು ಹೀಗೆ ಒಂದೇ ಕೆಥೆಡ್ರಲ್‌ನ ಕಾಯಂ ಹಾಡುಗಾರರಾದರು. ಭಾಷೆ ಬೇರೆ, ಮನೆ ಬೇರೆಯವರದು. ಪೂಜೆಯ ಲ್ಯಾಟಿನ್ ಮಾತ್ರ ವಿಯೆನ್ನಾದಲ್ಲಿದ್ದದ್ದೇ.

ನಿರ್ದೇಶಕರಿಗೆ ಈ ಆಶ್ರಯ ಬಹುಕಾಲ ಉಳಿಯಲಿಲ್ಲ. 1941ರಲ್ಲಿ ಸರ್ಕಾರ ಗ್ರೂಬರ್ ಅವರನ್ನು ಬಂಧನ ಶಿಬಿರಕ್ಕೆ ಕಳಿಸಿತು. ಯುದ್ಧ ಮುಗಿದ ಮೇಲೆ ದೇಶದಿಂದಲೇ ಹೊರಹಾಕಿತು. ಮಕ್ಕಳ ಪಾಲಿಗೆ ಗುರುವೂ ಪೋಷಕನೂ ಆಗಿದ್ದವರು ಒಮ್ಮೆಗೇ ದೂರವಾದರು.

ಇನ್ನೊಂದು ಗಡುವನ್ನು ಯಾವ ಸರ್ಕಾರವೂ ವಿಧಿಸಬೇಕಿರಲಿಲ್ಲ. ಬಾಲಕರ ಗಾಯನದ ಆಯುಷ್ಯ ಕೆಲವೇ ವರ್ಷ. ಗಂಡುಮಕ್ಕಳ ದನಿ ಒಡೆಯುತ್ತದೆ. ಯುದ್ಧವಿಲ್ಲದಿದ್ದರೆ ಅವರು ವಿಯೆನ್ನಾಕ್ಕೆ ಮರಳಿ, ತಮ್ಮ ಜಾಗವನ್ನು ಕಿರಿಯರಿಗೆ ಬಿಡುತ್ತಿದ್ದರು. ಇಲ್ಲಿ ದನಿ ಒಡೆದರೂ ಹೋಗಲು ಊರಿರಲಿಲ್ಲ. ಅವರು ಆಸ್ಟ್ರೇಲಿಯಾದಲ್ಲೇ ದೊಡ್ಡವರಾದರು. ಯುದ್ಧ ಮುಗಿದ ಮೇಲೂ ಹಲವರು ಅಲ್ಲೇ ನೆಲೆಸಿದರು. ಬಂದಾಗ ಹದಿನಾಲ್ಕರ ಹುಡುಗನಾಗಿದ್ದ ಸ್ಟೆಫಾನ್ ಹಾಗ್ ಮುಂದೆ ಆ ದೇಶದ ಒಪೆರಾ ರಂಗದ ಪ್ರಮುಖ ನಿರ್ದೇಶಕರಲ್ಲಿ ಒಬ್ಬರಾದರು.

ಸೇಂಟ್ ಪ್ಯಾಟ್ರಿಕ್ಸ್‌ನ ಗಾಯನವೃಂದ ತನ್ನ ಹುಟ್ಟನ್ನು ಇಂದಿಗೂ 1939ರಿಂದಲೇ ಎಣಿಸುತ್ತದೆ. ವಿಯೆನ್ನಾದ ಹುಡುಗರು ಬಿಟ್ಟ ಸಾಲುಗಳಲ್ಲಿ ಮೆಲ್ಬರ್ನ್‌ನ ಹುಡುಗರು ನಿಂತರು. ಶತ್ರುಗಳೆಂದು ದಾಖಲಾದ ಮಕ್ಕಳಿಂದ ಆ ನಗರಕ್ಕೆ ಬಂದ ಬಳುವಳಿ ಅದು.